ಮೊಟ್ಟೆ ಇಟ್ಟ ಪಟೇಲಪ್ಪ

ಆಷಾಢಕ್ಕೆ ಹೆಣ್ಣುಮಕ್ಕಳು ತವರಿಗೆ ಬರುವುದು ಮದುವೆಯಾದ ಮೊದಲ ವರ್ಷ. ರಂಜಿತಳ ಮದುವೆಯಾಗಿ ಆಗಲೇ ಮೂರು ವರ್ಷ. ಆದರೂ ಈ ಸಲ ಆಷಾಢ ಹುಟ್ಟಿದ ನಾಲ್ಕನೇ ದಿನ ಅವಳು ಒಂದು ಬ್ಯಾಗು ಹಿಡಿದು ಮಳವಳ್ಳಿ ಬಸ್ಸಿನಿಂದ ಇಳಿದಳು. ಜಗಲಿಯ ಮೇಲಿದ್ದವರು ಕೇಳುವ ಮೊದಲೇ "ಆಷಾಢ ಅಲ್ವಾ, ಬಂದೆ" ಎಂದು ತಾನೇ ಹೇಳಿ ಒಳಗೆ ಹೋದಳು. ತಾವರೆಕಟ್ಟೆಯ ಹೆಂಗಸರು ಬೆರಳು ಮಡಚಿ ವರ್ಷ ಎಣಿಸಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರೆಂದರೆ ಅಷ್ಟೇ, ಅಲ್ಲಿ ಯಾರ ಮನೆಯ ದುಃಖವೂ ಸಂಜೆಯವರೆಗೆ ಗುಟ್ಟಾಗಿ ಉಳಿಯುವುದಿಲ್ಲ.

ಅವಳ ಅಪ್ಪ ಕೆಂಪಸಿದ್ದಯ್ಯ ಆ ಊರಿನ ನೀರುಗಂಟಿ. ಪೂರಿಗಾಲಿಯಿಂದ ಮೂರು ಮೈಲಿ ಒಳಗಿರುವ ತಾವರೆಕಟ್ಟೆ ಕೆರೆಯ ತೂಬು ಎತ್ತುವುದು, ಇಳಿಸುವುದು, ಕಾಲುವೆಯ ಉದ್ದಕ್ಕೂ ನಡೆದು ಯಾರ ಗದ್ದೆಗೆ ಯಾವ ಹೊತ್ತು ನೀರು ಎಂದು ಸರದಿ ಹೇಳುವುದು ಅವನ ಕೆಲಸ. ಮೂವತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾನೆ. "ನಾಳೆ ಒತ್ತಾರೆ ನಿಂದು" ಎಂದರೆ ಅವರದೇ. ಆಮೇಲೆ ಯಾರು ಕಾಲು ಹಿಡಿದರೂ ಅಷ್ಟೇ, ಕೊರಳಪಟ್ಟಿ ಹಿಡಿದರೂ ಅಷ್ಟೇ. ಒಂದು ಬೇಸಿಗೆಯಲ್ಲಿ ಅವನ ಸ್ವಂತ ಭಾಮೈದ ಒಟ್ಲಿನ ಪೈರು ಒಣಗುತ್ತಿದೆ, ಸರದಿ ತಪ್ಪಿಸಿ ಅರ್ಧ ಗಂಟೆ ನೀರು ಬಿಡು ಎಂದು ಬಂದು ನಿಂತಿದ್ದ. ಕೆಂಪಸಿದ್ದಯ್ಯ ಬಿಡಲಿಲ್ಲ. ಭಾಮೈದ ನಾಲ್ಕು ವರ್ಷ ಅವನ ಹೊಸ್ತಿಲು ತುಳಿಯಲಿಲ್ಲ, ಹೆಂಡತಿ ಪಟ್ಟಲಮ್ಮ ನಾಲ್ಕು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಅವನ ಮಾತು ಉಳಿಯಿತು. ಗುದ್ದಲಿ ಹಿಡಿದು ಬದುವಿನ ಮೇಲೆ ಹೊಡೆದಾಟಕ್ಕೆ ನಿಂತವರು ಕೂಡ ಅವನು ಕೆಮ್ಮಿಕೊಂಡು ಬರುವ ಸದ್ದು ಕೇಳಿ ಗುದ್ದಲಿ ಇಳಿಸುತ್ತಿದ್ದುದು ಆ ಮಾತಿನಿಂದಲೇ.

ರಂಜಿತ ಬಂದು ವಾರವಾದ ಮೇಲೆ ವಿಷಯ ಹೊರಬಿತ್ತು. ಅವಳು ತಾಯಿಗೆ ಹೇಳಿದಳು, ತಾಯಿ ಗಂಡನಿಗೆ ಹೇಳಿದಳು. ಅಳಿಯ ಸ್ವರೂಪ್ ಮಂಡ್ಯದಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆ, ವಾರದಲ್ಲಿ ಎರಡು ದಿನ ಮನೆಗೆ ಬಂದರೆ ಹೆಚ್ಚು. ಬಂದ ದಿನವೂ ನೆಟ್ಟಗಿರುವುದಿಲ್ಲ.

"ಅವ್ಳು ತಿರ್ಗಾ ಓಗಾಕಿಲ್ಲ ಅಂತವ್ಳೆ" ಎಂದಳು ಪಟ್ಟಲಮ್ಮ.

ಕೆಂಪಸಿದ್ದಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಕೆರೆಗೆ ಹೋದ. ಮಗಳ ಮೇಲೆ ಪ್ರೀತಿ ಇಲ್ಲದವನಲ್ಲ. ಆದರೆ ಜನರ ಬಾಯಿಗೆ ಹೆದರಿದ. ಇಡೀ ಊರಿನ ಜಗಳ ತೀರಿಸುವವನ ಮನೆಯಲ್ಲೇ ಮಗಳು ಗಂಡನನ್ನು ಬಿಟ್ಟು ಕೂತಿದ್ದಾಳೆ ಎಂದರೆ ನಾಳೆ ಕಾಲುವೆಯ ಮೇಲೆ ತನ್ನ ಮಾತಿಗೆ ಏನು ಬೆಲೆ ಎಂದು ಹೆದರಿದ. ಹೆದರಿಕೆಯನ್ನು ಹೆದರಿಕೆ ಎಂದು ಒಪ್ಪಿಕೊಳ್ಳುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಬೇಕು. ಅವನು ಅದಕ್ಕೆ ಮಗಳ ಒಳ್ಳೆಯದು ಎಂದು ಹೆಸರಿಟ್ಟ.

ಕೆರೆಯಲ್ಲಿ ಅವನಿಗೆ ದೇವನಕ್ಕಿಗಳಿದ್ದವು. ತಾವರೆ ಎಲೆಯ ಮೇಲೆ ಮುಳುಗದೆ ನಡೆಯುವ ಹಕ್ಕಿ. ಕಾಲಿನ ಬೆರಳುಗಳು ಅಂಗೈ ಉದ್ದ, ಕತ್ತಿನ ಹಿಂದೆ ಅರಿಶಿನ ಬಳಿದ ಹಾಗೆ ಹಳದಿ, ಮಳೆಗಾಲದಲ್ಲಿ ಹುಂಜದ ಹಾಗೆ ಬಾಗಿದ ಉದ್ದನೆ ಕರಿ ಬಾಲ. ಪ್ರತಿ ಮಳೆಗಾಲದಲ್ಲೂ ಇಲ್ಲೇ ಗೂಡು ಕಟ್ಟುತ್ತವೆ. ಅವುಗಳಲ್ಲಿ ಒಂದು ಮಾತ್ರ ದೊಡ್ಡದು, ಉಳಿದ ಮೂರು ಚಿಕ್ಕವು. ದೊಡ್ಡದು ಬೆಕ್ಕಿನ ಹಾಗೆ ಕೂಗುತ್ತಾ ಕೆರೆಯ ತುಂಬ ಹಾರಾಡುತ್ತದೆ, ಹೊರಗಿನಿಂದ ಬಂದ ಇನ್ನೊಂದು ದೊಡ್ಡ ಹಕ್ಕಿಯ ಮೇಲೆ ಬಿದ್ದು ಓಡಿಸುತ್ತದೆ, ಚಿಕ್ಕವುಗಳ ಸುತ್ತ ರೆಕ್ಕೆ ಬಿಚ್ಚಿ ಕುಣಿಯುತ್ತದೆ. ಚಿಕ್ಕವು ಮೊಟ್ಟೆಯ ಮೇಲೆ ಕೂರುತ್ತವೆ. ಕೆಂಪಸಿದ್ದಯ್ಯ ದೊಡ್ಡದಕ್ಕೆ ಪಟೇಲಪ್ಪ ಎಂದೂ ಚಿಕ್ಕವಕ್ಕೆ ಪಟೇಲಪ್ಪನ ಹೆಂಡಿರು ಎಂದೂ ಹೆಸರಿಟ್ಟಿದ್ದ. ಏರಿಯ ಮೇಲೆ ಕೂತವರಿಗೆಲ್ಲ ತೋರಿಸಿ, "ನೋಡ್ರುಲಾ, ಮೂರು ಮನೆ ಯಜಮಾನ" ಎಂದು ನಗಿಸುತ್ತಿದ್ದ. ಎಷ್ಟೋ ಸಲ ಚಿಕ್ಕ ಹಕ್ಕಿ ದೊಡ್ಡದರ ಬೆನ್ನ ಮೇಲೆ ಹತ್ತಿದ್ದನ್ನೂ ಕಣ್ಣಾರೆ ನೋಡಿದ್ದ. ಅದಕ್ಕೂ ಅವನ ಹತ್ತಿರ ಉತ್ತರವಿತ್ತು. "ಪಟೇಲಪ್ಪ ಎಂಡ್ತೀನ ತಲೆ ಮೇಲೆ ಕೂರಿಸ್ಕಂಡವ್ನೆ, ಅದ್ಕೇ ಅಷ್ಟು ಮೆರೀತಾವೆ." ಮೊದಲೇ ತೀರ್ಮಾನ ಮಾಡಿಕೊಂಡವನ ಕಣ್ಣಿಗೆ ಏನು ಕಂಡರೇನು?

ಆಷಾಢ ಮುಗಿಯಲು ಹತ್ತು ದಿನ ಇದ್ದಾಗ ಅವನು ಮಗಳನ್ನು ಏರಿಗೆ ಕರೆದುಕೊಂಡು ಹೋದ. ಅವಳು ವೇಲನ್ನು ಎಡಗೈಗೆ ಸುತ್ತಿಕೊಂಡು ಅವನ ಪಕ್ಕ ಕಲ್ಲಿನ ಮೇಲೆ ಕೂತಳು. ದಡದ ಹತ್ತಿರವೇ, ಹತ್ತು ಮಾರು ದೂರದ ಎಲೆಗಳ ಮೇಲೆ ಒಂದು ಚಿಕ್ಕ ಹಕ್ಕಿ ಮೊಟ್ಟೆಗೆ ಕಾವು ಕೊಡುತ್ತಿತ್ತು. ಬಿಸಿಲು ಸುರಿಯುತ್ತಿತ್ತು. ಹಕ್ಕಿ ರೆಕ್ಕೆ ಸಡಿಲಿಸಿ ಮೊಟ್ಟೆಗಳಿಗೆ ನೆರಳು ಮಾಡಿಕೊಂಡು ಬಾಯಿ ತೆರೆದು ಕೂತಿತ್ತು.

"ನೋಡು ಮಗಾ" ಎಂದ. "ಅದ್ರ ಗಂಡ ಅಲ್ಲವ್ನೆ, ಆ ಕೊನೇಲಿ ಇನ್ನೊಬ್ಳ ಜೊತೇಲಿ ಕುಣೀತಾವ್ನೆ. ಇವ್ಳು ಎದ್ದೋದ್ಲಾ? ಇಲ್ಲ. ಮೂವತ್ತೊರ್ಸದಿಂದ ನೋಡ್ತಿವ್ನಿ, ಯಾವತ್ತೂ ಎದ್ದೋಗಿಲ್ಲ. ಎಣ್ಣು ಕೂತ್ರೇನೇ ಮನೆ ಕಣವ್ವ. ಗಂಡು ಎಲ್ ಸುತ್ತುದ್ರೂ ಒಂದಿನ ಬತ್ತನೆ."

ರಂಜಿತ ಹಕ್ಕಿಯನ್ನು ನೋಡಿದಳು. ಆಮೇಲೆ ಅಪ್ಪನ ಮುಖವನ್ನು ನೋಡಿದಳು. ಅಪ್ಪ ಹಕ್ಕಿಯ ಕಡೆಗೇ ನೋಡುತ್ತಿದ್ದ.

"ಆಯ್ತು ಬುಡಪ್ಪ. ಓಯ್ತೀನಿ" ಎಂದಳು.

ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ಕೆಂಪಸಿದ್ದಯ್ಯನಿಗೆ ಹಿಗ್ಗೋ ಹಿಗ್ಗು. ಅಲ್ಲಿಂದಲೇ ಮದ್ದೂರು ಕಡೆಯ ಬೀಗರಿಗೆ, ಸ್ವರೂಪನ ಅಪ್ಪ ಚೌಡಯ್ಯನಿಗೆ, ಫೋನು ಮಾಡಿದ. ಹಕ್ಕಿಯ ಕಥೆಯನ್ನೂ ಬಣ್ಣ ಕಟ್ಟಿ ಹೇಳಿದ. ಚೌಡಯ್ಯ ಫೋನಿನಲ್ಲೇ ಭೇಷ್ ಎಂದು, ಶ್ರಾವಣದ ಮೊದಲ ಸೋಮವಾರ ಮಗನ ಜೊತೆ ಬಂದು ಸೊಸೆಯನ್ನು ಕರೆದುಕೊಂಡು ಹೋಗುವುದಾಗಿ ಹೇಳಿದ. "ಮಾತು ತಾನೆ ಬೀಗ್ರೆ?" ಎಂದು ಕೇಳಿದ. "ಮಾತು" ಎಂದ ಕೆಂಪಸಿದ್ದಯ್ಯ.

ಭೀಮನ ಅಮಾವಾಸ್ಯೆ ಗುರುವಾರ ಬಂತು. ಪಟ್ಟಲಮ್ಮ ಕಡುಬು ಮಾಡಿದಳು, ಮುದ್ದೆಯನ್ನೂ ಅವಳೇ ತಿರುವಿದಳು. ಮಗಳು ಬಂದಾಗಿನಿಂದ ಒಂದು ದಿನವೂ ಮುದ್ದೆ ತಿರುವಿರಲಿಲ್ಲ. "ಗಂಡನ ಮನೆ ಸೇರಿ ಸೋಮಾರಿ ಆಗವ್ಳೆ ನಿನ್ ಮಗಳು" ಎಂದು ಕೆಂಪಸಿದ್ದಯ್ಯ ಊಟದ ಮುಂದೆ ನಕ್ಕ. ರಂಜಿತ ಬಲಗೈಯಲ್ಲಿ ಸಾರು ಬಡಿಸಿ ಒಳಗೆ ಹೋದಳು.

ಮರುದಿನ ಶುಕ್ರವಾರ ಬೆಳಿಗ್ಗೆ ಏರಿಯ ಮೇಲೆ ಶುಭಾ ಇದ್ದಳು. ಮಂಡ್ಯದ ಕಾಲೇಜೊಂದರಲ್ಲಿ ಪಾಠ ಹೇಳುವ ಹುಡುಗಿ. ಎರಡು ಮಳೆಗಾಲದಿಂದ ರಜೆ ಸಿಕ್ಕಾಗಲೆಲ್ಲ ಸ್ಕೂಟರಿನಲ್ಲಿ ಬಂದು, ಮೂರು ಕಾಲಿನ ದುರ್ಬೀನು ನಿಲ್ಲಿಸಿ, ಹಕ್ಕಿಗಳನ್ನು ನೋಡಿ ಬರೆದುಕೊಳ್ಳುತ್ತಿದ್ದಳು. ಇಬ್ಬರೂ ಒಂದೇ ಕೆರೆಯನ್ನು ನೋಡುವವರಾದ್ದರಿಂದ ಮಾತು ಬೆಳೆದಿತ್ತು, ಆದರೆ ಅದು ಯಾವಾಗಲೂ ನೀರಿನ ಮಟ್ಟದ ಮಾತು, ಮಳೆಯ ಮಾತು.

"ಅವನು ನಿನ್ನೆಯಿಂದ ಏನೂ ತಿಂದ ಹಾಗಿಲ್ಲ ಯಜಮಾನ್ರೇ" ಎಂದಳು ಶುಭಾ, ದುರ್ಬೀನಿನಿಂದ ಕಣ್ಣು ತೆಗೆಯದೆ. "ಇವತ್ತೋ ನಾಳೆಯೋ ಮರಿ ಒಡೀಬಹುದು."

"ಯಾರು ಮೇಡಮ್ಮೋರೆ?"

"ಅಲ್ಲಿ ಕೂತಿದ್ದಾನಲ್ಲ, ಅವನು."

ಕೆಂಪಸಿದ್ದಯ್ಯ ನಕ್ಕುಬಿಟ್ಟ. "ಅವ್ನಲ್ಲ, ಅವ್ಳು. ಕೂತಿರೋದು ಎಣ್ಣು ಕಣಮ್ಮ."

"ಇಲ್ಲ ಯಜಮಾನ್ರೇ. ಕೂತಿರೋದು ಗಂಡು. ಚಿಕ್ಕವು ಮೂರೂ ಗಂಡೇ. ಹಾರಾಡ್ತಾ ಇದೆಯಲ್ಲ ದೊಡ್ಡದು, ಅದೊಂದೇ ಹೆಣ್ಣು. ಒಬ್ಬನ ಗೂಡಲ್ಲಿ ನಾಲ್ಕು ಮೊಟ್ಟೆ ಇಟ್ಟು ಇನ್ನೊಬ್ಬನ ಹತ್ತಿರ ಹೋಗ್ತಾಳೆ. ಕಾವು ಕೊಡೋದು, ನೆರಳು ಮಾಡೋದು, ಮರಿ ಕಾಯೋದು ಎಲ್ಲಾ ಗಂಡೇ."

ಅವನ ನಗು ಅರ್ಧಕ್ಕೆ ನಿಂತಿತು. ನಿನ್ನೆ ಮೊನ್ನೆ ಬಂದವಳು ತನ್ನ ಕೆರೆಯ ವಿಷಯ ತನಗೇ ಹೇಳುವುದೆಂದರೇನು ಎಂದು ಸಿಟ್ಟೂ ಬಂತು. "ಪುಸ್ತಕದಲ್ಲಿ ಏನಾದ್ರೂ ಬರ್ಕಂಡಿರ್ಲಿ ಮೇಡಮ್ಮೋರೆ. ನಾನು ಮೂವತ್ತೊರ್ಸದಿಂದ ನೋಡ್ತಿವ್ನಿ."

ಶುಭಾ ವಾದ ಮಾಡಲಿಲ್ಲ. ಮೂಡಲ ಮೂಲೆಯ ಗೂಡೊಂದನ್ನು ತೋರಿಸಿದಳು. "ಅಲ್ಲಿ ಈಗ ಎರಡು ಮೊಟ್ಟೆ ಇದೆ. ದಿನಕ್ಕೊಂದು ಇಡ್ತಾ ಇದೆ. ನಾಳೆ ಬೆಳಿಗ್ಗೆ ಮೂರನೇದು ಆಗಬೇಕು. ಬನ್ನಿ, ಯಾರು ಇಡ್ತಾರೆ ಅಂತ ನೀವೇ ನೋಡಿ."

ಆ ಹುಡುಗಿಗೆ ಮುಖಭಂಗ ಮಾಡಬೇಕೆಂದೇ ಶನಿವಾರ ತೂಬು ಎತ್ತಿದ ಕೂಡಲೇ ಅವನು ಬಂದು ದುರ್ಬೀನಿಗೆ ಕಣ್ಣು ಹಚ್ಚಿದ. ಮೂಡಲ ಗೂಡಿನಲ್ಲಿ ಎರಡು ಮೊಟ್ಟೆ, ತಿಕ್ಕಿದ ತಾಮ್ರದ ಬಣ್ಣ, ಬುಗುರಿಯ ಆಕಾರ. ಚಿಕ್ಕ ಹಕ್ಕಿ ಪಕ್ಕದಲ್ಲಿ ಜೊಂಡಿನ ಎಳೆ ಎಳೆದು ಗೂಡಿಗೆ ಸೇರಿಸುತ್ತಿತ್ತು. ಇನ್ನೇನು ಅದು ಹೋಗಿ ಕೂತು ಮೊಟ್ಟೆ ಇಡುತ್ತದೆ ಎಂದು ಅವನು ಕಾದ. ಅದು ಇಡಲಿಲ್ಲ. ಗಂಟೆ ಏಳಾಯಿತು. ಕೆಳಗಿನ ಬಯಲಿನಿಂದ ಯಾರೋ ನೀರುಗಂಟಿಯನ್ನು ಕೂಗಿದರು. ಅವನು ಓಗೊಡಲಿಲ್ಲ.

ಅಷ್ಟರಲ್ಲಿ ಪಟೇಲಪ್ಪ ಬಂದ. ಬೆಕ್ಕಿನ ಹಾಗೆ ಕೂಗುತ್ತಾ ಗೂಡಿನ ಮೇಲೆ ಒಂದು ಸುತ್ತು ಹಾಕಿ ಇಳಿದ. ಚಿಕ್ಕದು ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು. ಪಟೇಲಪ್ಪ ಗೂಡು ಹತ್ತಿ, ಬಾಲ ಎತ್ತಿ, ಎದೆ ಹರಡಿ ಕೂತ. ಕೂತೇ ಇದ್ದ. ಕೆಂಪಸಿದ್ದಯ್ಯನ ಹಣೆಯ ಬೆವರು ದುರ್ಬೀನಿನ ಮೇಲೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಎಲ್ಲಿ ತಪ್ಪಿಹೋಗುತ್ತದೋ ಎಂದು ಒರೆಸಲಿಲ್ಲ. ಕೊನೆಗೊಮ್ಮೆ ಪಟೇಲಪ್ಪ ಮೈ ನಡುಗಿಸಿ ಎದ್ದ, ಹಿಂದೆ ತಿರುಗಿಯೂ ನೋಡದೆ ಹಾರಿಹೋದ. ಗೂಡಿನಲ್ಲಿ ಮೂರು ಮೊಟ್ಟೆ ಇದ್ದವು. ಒಂದರ ಮೇಲೆ ಇನ್ನೂ ಪಸೆ ಹೊಳೆಯುತ್ತಿತ್ತು.

ಅವನು ಎರಡು ಸಲ ಎಣಿಸಿದ. ಮೂರೇ.

"ಪಟೇಲಪ್ಪ ಮೊಟ್ಟೆ ಇಟ್ಬುಟ್ಟ" ಎಂದ. ಮೊದಲು ನಗು ಬಂತು. ಮೂವತ್ತು ವರ್ಷ ಊರಿಗೇ ಹೇಳಿದ ಕಥೆ ಹೀಗೆ ಬೋರಲಾಗಿ ಬಿತ್ತಲ್ಲ ಎಂದು ತಲೆ ಚಚ್ಚಿಕೊಂಡು ನಕ್ಕ. ಶುಭಾಳೂ ನಕ್ಕಳು. ನಗುತ್ತಿದ್ದ ಹಾಗೆಯೇ ಅವನಿಗೆ ಏರಿಯ ಕಲ್ಲು ಕಣ್ಣಿಗೆ ಬಿತ್ತು, ಅದರ ಮೇಲೆ ಕೂತು ಹೇಳಿದ ಮಾತು ನೆನಪಾಯಿತು.

"ಎಲ್ಲಾ ಅಕ್ಕಿಲೂ ಇಂಗೇನಾ ಮೇಡಮ್ಮೋರೆ?" ಎಂದು ಕೇಳಿದ. ದನಿ ಸಣ್ಣದಾಗಿತ್ತು.

"ಎಲ್ಲಿ ಯಜಮಾನ್ರೇ! ಟಿಟ್ಟಿಭ ಗೊತ್ತಲ್ಲ, ಅದರಲ್ಲಿ ಗಂಡು ಹೆಣ್ಣು ಇಬ್ಬರೂ ಸರದಿ ಮೇಲೆ ಕೂರ್ತಾರೆ. ಕೊಕ್ಕರೆ ಬೆಳ್ಳೂರಿಗೆ ಬರ್ತಾವಲ್ಲ ಕೊಕ್ಕರೆ, ಅವೂ ಸರದಿನೇ. ಗದ್ದೆ ಬದಿಯ ಬಣ್ಣದ ಉಲ್ಲಂಕಿ ಮತ್ತೆ ಇದರ ಹಾಗೆ. ಒಂದೊಂದು ಹಕ್ಕಿದು ಒಂದೊಂದು ರೀತಿ. ಒಂದನ್ನ ನೋಡಿ ಇನ್ನೊಂದಕ್ಕೆ ನ್ಯಾಯ ಹೇಳೋಕ್ಕಾಗಲ್ಲ."

ಅವಳು ಹಕ್ಕಿಯ ಮಾತು ಹೇಳಿದಳು. ಅವನ ಮನೆಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಆದರೂ ಕೆಂಪಸಿದ್ದಯ್ಯನಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಶನಿವಾರವೇ ಮಗಳಿಗೆ ಹೇಳಬೇಕೆಂದುಕೊಂಡ, ಹೇಳಲಿಲ್ಲ. ಭಾನುವಾರ ಮಧ್ಯಾಹ್ನ ಮನೆಗೆ ಬಂದಾಗ ರಂಜಿತ ನಡುಮನೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಸೀರೆಯ ಒಂದು ತುದಿಯನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು ಬಲಗೈಯೊಂದರಲ್ಲೇ ಮಡಚುತ್ತಿದ್ದಳು. ಇವನು ಬಾಗಿಲಲ್ಲಿ ನಿಂತ. ಮಗಳು ತಲೆ ಎತ್ತಿ "ಏನಪ್ಪಾ?" ಎಂದಳು. "ಏನಿಲ್ಲ" ಎಂದು ಹಿತ್ತಲಿಗೆ ಹೋಗಿ, ಬೀಗರಿಗೆಂದು ಕೋಳಿ ಹಿಡಿಯುತ್ತಿದ್ದ ಪಟ್ಟಲಮ್ಮನ ಮುಂದೆ ಬಾಯಿ ಬಿಟ್ಟ.

"ಆ ಅಕ್ಕಿ ಕತೆ ತೆಪ್ಪು ಕಣೆ. ಕೂತಿರೋದು ಗಂಡಂತೆ. ನಾನೇ ನೋಡ್ದೆ."

ಪಟ್ಟಲಮ್ಮ ಕೋಳಿಯನ್ನು ಕೈಯಲ್ಲೇ ಹಿಡಿದು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಕ್ಕಿ ಮಾತು ಕೇಳಿ ಮಗಳ್ನ ಕಳುಸ್ತಿದ್ಯಾ ನೀನು? ನಿನ್ ತಲೇಗಿಷ್ಟು ಬೆಂಕಿ ಆಕ. ಓಗು, ಈಗ್ಲೇ ಅವ್ಳಿಗೆ ಏಳು."

"ಬೀಗ್ರಿಗೆ ಮಾತು ಕೊಟ್ಟಿವ್ನಿ."

"ನಿನ್ ಮಾತ ಮಡಿಕ್ಕಂಡು ಉಪ್ಪಾಕಿ ನೆಕ್ಕು" ಎಂದು ಪಟ್ಟಲಮ್ಮ ಕೋಳಿಯನ್ನು ಮಂಕರಿಯ ಕೆಳಗೆ ದಬ್ಬಿದಳು. ಕಣ್ಣಲ್ಲಿ ನೀರು ತುಂಬಿತ್ತು. ಕೆಂಪಸಿದ್ದಯ್ಯ ಆಗಲೂ ಮಗಳ ಹತ್ತಿರ ಹೋಗಲಿಲ್ಲ. ಕಾಲುವೆ ನೋಡಬೇಕೆಂದು ನೆಪ ಮಾಡಿ ಗುದ್ದಲಿ ತೆಗೆದುಕೊಂಡು ಹೊರಟ. ಗುದ್ದಲಿಗೆ ಆ ದಿನ ಅಲ್ಲಿ ಏನೂ ಕೆಲಸವಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಬೀಗರ ಕಾರು ಬಂತು. ಊರಿನ ಓಣಿ ಕಿರಿದು, ಕಾರುಗಳೆಲ್ಲ ಏರಿಯ ಕೊನೆಯಲ್ಲೇ ನಿಲ್ಲಬೇಕು. ಚೌಡಯ್ಯ ಬಿಳಿ ಪಂಚೆ, ಬಿಳಿ ಶರ್ಟು, ದೊಡ್ಡ ಗಂಟಲು. ಸ್ವರೂಪ್ ಕಪ್ಪು ಕನ್ನಡಕ ಏರಿಸಿಕೊಂಡು ಹಿಂದೆ ಬಂದ. ಶ್ರಾವಣ ಸೋಮವಾರ ನಾವು ಕೋಳಿ ತಿನ್ನುವುದಿಲ್ಲ ಎಂದು ಚೌಡಯ್ಯ ಹೇಳಿದ್ದರಿಂದ ಕೋಳಿ ಬದುಕಿತು, ಎಲ್ಲರಿಗೂ ಉಪ್ಪಿಟ್ಟಾಯಿತು. ಎಲೆ ಅಡಿಕೆ ಹಾಕಿದ ಮೇಲೆ ಚೌಡಯ್ಯ ಎದ್ದು, "ಒತ್ತು ಮೀರ್ಸೋದು ಬ್ಯಾಡ" ಎಂದ. ರಂಜಿತ ಬ್ಯಾಗು ಬಲಗೈಯಲ್ಲಿ ಹಿಡಿದು ಹೊರಗೆ ಬಂದಳು. ಮುಖದಲ್ಲಿ ಅಳುವೂ ಇರಲಿಲ್ಲ, ಏನೂ ಇರಲಿಲ್ಲ. ಅದನ್ನು ನೋಡುವುದಕ್ಕಿಂತ ಅವಳು ಗೋಳೋ ಎಂದು ಅತ್ತಿದ್ದರೇ ಚೆನ್ನಾಗಿತ್ತು ಎಂದು ಕೆಂಪಸಿದ್ದಯ್ಯನಿಗೆ ಅನ್ನಿಸಿತು.

ಎಲ್ಲರೂ ಏರಿಯ ಮೇಲೆ ನಡೆದು ಬಂದರು. ಕಾರಿಗೆ ಇಪ್ಪತ್ತು ಹೆಜ್ಜೆ ಇರುವಾಗ ಚೌಡಯ್ಯ ನಿಂತ. ಅಲ್ಲೇ ಶುಭಾ ದುರ್ಬೀನು ನಿಲ್ಲಿಸಿಕೊಂಡು ಕೂತಿದ್ದಳು. ಕೆಳಗಿನ ಬಯಲಿನ ಇಬ್ಬರು ಗುದ್ದಲಿ ಹೆಗಲಿಗೇರಿಸಿ ನೀರಿನ ಸರದಿಗೆ ಕಾಯುತ್ತಿದ್ದರು.

"ಬೀಗ್ರೆ, ಇದೇನಾ ನಿಮ್ ಅಕ್ಕಿ?" ಎಂದ ಚೌಡಯ್ಯ ಕೆರೆಯತ್ತ ಕೈ ಮಾಡಿ. "ಫೋನಲ್ಲಿ ಏಳಿದ್ರಲ್ಲ, ಬೋ ಪಸಂದಾಗಿತ್ತು ಕತೆ. ನಮ್ಮೂರ ಅರಳೀಕಟ್ಟೇಲಿ ಎಲ್ರಿಗೂ ಏಳಿವ್ನಿ. ಇಲ್ಲೂ ಒಂದ್ಸಲ ಏಳ್ಬುಡಿ, ನನ್ ಸೊಸೆ ಕಿವೀಲಿ ಭದ್ರವಾಗಿ ಕೂತ್ಕಳ್ಳಿ. ಆಮೇಲೆ ಒಂಟೋಗ್ತೀವಿ."

ಸ್ವರೂಪ್ ಶುಭಾಳನ್ನು ಕೇಳಿಕೊಂಡು ದುರ್ಬೀನಿಗೆ ಬಗ್ಗಿದ. "ಓ, ಕೂತವ್ಳೆ ಕೂತವ್ಳೆ" ಎಂದು ನಕ್ಕ. ಶುಭಾ ಬಾಯಿ ತೆರೆದಳು. ಕೆಂಪಸಿದ್ದಯ್ಯನ ಮುಖ ನೋಡಿ ಮುಚ್ಚಿದಳು, ಪುಸ್ತಕಕ್ಕೆ ತಲೆ ಬಗ್ಗಿಸಿದಳು.

ಕೆಂಪಸಿದ್ದಯ್ಯ ಕೆರೆಯ ಕಡೆ ನೋಡಿದ. ಒಂದು ಮಾತು ಆ ಕಡೆ, ಒಂದು ಮಾತು ಈ ಕಡೆ. ಹಳೆಯ ಕಥೆಯನ್ನೇ ಹೇಳಿದರೆ ಎರಡು ನಿಮಿಷದಲ್ಲಿ ಕಾರು ಹೊರಡುತ್ತದೆ, ಕೊಟ್ಟ ಮಾತು ಉಳಿಯುತ್ತದೆ, ಗುದ್ದಲಿ ಹಿಡಿದು ನಿಂತ ಆ ಇಬ್ಬರ ಮುಂದೆ ನೀರುಗಂಟಿ ನೀರುಗಂಟಿಯಾಗಿಯೇ ಇರುತ್ತಾನೆ. ಪಟ್ಟಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅವನನ್ನೇ ನೋಡುತ್ತಿದ್ದಳು.

"ಕೂತಿರೋದು ಗಂಡು" ಎಂದ ಕೆಂಪಸಿದ್ದಯ್ಯ.

"ಏನಂದ್ರಿ?"

"ಕೂತಿರೋದು ಗಂಡು ಬೀಗ್ರೆ. ಸುತ್ತಾಡ್ತಾ ಇರೋದು ಎಣ್ಣು. ನಾನು ಇಷ್ಟ್ ವರ್ಸ ತೆಪ್ಪು ತಿಳ್ಕಂಡಿದ್ದೆ, ತೆಪ್ಪು ಏಳ್ಬುಟ್ಟೆ. ಆ ದೊಡ್ದು ಮೊಟ್ಟೆ ಇಟ್ಟದ್ದ ಮೊನ್ನೆ ಕಣ್ಣಾರೆ ನೋಡ್ದೆ."

ಸ್ವರೂಪ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂಗಾರೆ ಮಾವ, ಇನ್ಮೇಲೆ ನಾನು ಮನೇಲಿ ಕೂತು ಮುದ್ದೆ ತಿರುವ್ಬೇಕಾ? ಬಾರೆ, ಒತ್ತಾಯ್ತು" ಎನ್ನುತ್ತಾ ರಂಜಿತಳ ಎಡಗೈಗೆ ಕೈ ಹಾಕಿದ.

ರಂಜಿತ ಕೈಯನ್ನು ತಟ್ಟನೆ ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಸುಟ್ಟ ಕೈಯನ್ನು ಎಳೆದುಕೊಳ್ಳುವ ಹಾಗೆ ಎಳೆದುಕೊಂಡಳು. ಕೈಗೆ ಸುತ್ತಿದ್ದ ವೇಲು ಜಾರಿತು. ಅವಳ ಹಿಂದೆಯೇ ನಿಂತಿದ್ದ ಕೆಂಪಸಿದ್ದಯ್ಯನ ಕಣ್ಣ ಮುಂದೆ ಆ ಕೈ ಬಂತು. ನಾಲ್ಕು ಬೆರಳು ಮಡಚಿದ್ದವು. ಕಿರುಬೆರಳು ಮಾತ್ರ ಮಡಚದೆ, ಗೆಣ್ಣಿನಲ್ಲಿ ಓರೆಯಾಗಿ, ಕಡ್ಡಿಯ ಹಾಗೆ ನಿಂತಿತ್ತು.

ಕೆರೆಯ ಅಡಿಯ ಕಲ್ಲು ಎಷ್ಟು ಕಾಣುತ್ತದೆ ಎಂದು ನೋಡಿ ನೀರು ಎಷ್ಟು ದಿನ ಬರುತ್ತದೆಂದು ಹೇಳುವ ಕಣ್ಣು ಅದು. ಒಂದು ತಿಂಗಳು ಒಂದೇ ಸೂರಿನಡಿ ಇದ್ದ ಮಗಳ ಕೈ ಅದಕ್ಕೆ ಕಂಡಿರಲಿಲ್ಲ. ಮುದ್ದೆ, ಸೀರೆ, ವೇಲು, ಎಲ್ಲ ಒಟ್ಟಿಗೇ ನೆನಪಾಗಿ ಕೆಂಪಸಿದ್ದಯ್ಯನಿಗೆ ಮೈಯೆಲ್ಲ ಉರಿಯಿತು.

"ದೂರ ನಿಂತ್ಕಳಿ ಅಳಿದೇವ್ರೆ" ಎಂದ. ಅವನು ಮುಂದೆ ಬಂದು ಇಬ್ಬರ ನಡುವೆ ನಿಂತ. "ರಂಜಿತ ಬರಾಕಿಲ್ಲ."

ಚೌಡಯ್ಯನ ಮುಖ ಕೆಂಪಾಯಿತು. "ಇದೇನ್ರೀ ಉಡುಗಾಟ? ನೀರುಗಂಟಿ ಕೆಂಪಸಿದ್ದಯ್ಯನ ಮಾತು ಅಂದ್ರೆ ಕಲ್ಲಲ್ಲಿ ಕೆತ್ತಿದಂಗೆ ಅಂತ ಕೇಳಿದ್ದೆ."

"ಕೇಳಿದ್ದು ದಿಟವೇ. ಇವತ್ತು ಕಲ್ಲ ಒಡದಾಕ್ತಾ ಇವ್ನಿ."

"ಯೋಚ್ನೆ ಮಾಡಿ ಮಾತಾಡಿ. ಇವತ್ತು ನಾವು ಈ ಏರಿ ಇಳುದ್ರೆ ತಿರ್ಗಾ ಯಾರೂ ಕರ್ಯಾಕೆ ಬರಾಕಿಲ್ಲ. ಒಂದು ಅಕ್ಕಿ ವಿಸ್ಯಕ್ಕೆ ಮಗಳ ಬಾಳು ಆಳು ಮಾಡ್ತೀರಾ?"

"ಅಕ್ಕಿ ವಿಸ್ಯಕ್ಕೆ ಆಳು ಮಾಡಾಕೆ ಒಂಟಿದ್ದೆ ಬೀಗ್ರೆ. ಈಗ ನಿಲ್ಸುದ್ನಿ. ಓಗ್ಬನ್ನಿ."

ಸ್ವರೂಪ್ ಏನೋ ಬೈದು ಒಂದು ಹೆಜ್ಜೆ ಮುಂದಿಟ್ಟ. ನೀರಿಗೆ ಕಾಯುತ್ತಿದ್ದ ಇಬ್ಬರೂ ಹೆಗಲಿನಿಂದ ಗುದ್ದಲಿ ಇಳಿಸಿ ನೆಲಕ್ಕೆ ಊರಿ ನಿಂತರು. ಬೇರೆ ಏನೂ ಮಾಡಲಿಲ್ಲ, ಏನೂ ಹೇಳಲಿಲ್ಲ. ಚೌಡಯ್ಯ ಮಗನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕಾರಿಗೆ ತುಂಬಿದ. ಕಾರು ಧೂಳೆಬ್ಬಿಸಿಕೊಂಡು ಏರಿ ಇಳಿಯಿತು.

ಕೆಂಪಸಿದ್ದಯ್ಯ ಮಗಳ ಕೈಯಿಂದ ಬ್ಯಾಗು ತೆಗೆದುಕೊಂಡ. ಅವಳು ಸಂತೋಷಪಡುತ್ತಾಳೆ, ಅತ್ತು ಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದ. ಅವಳು ಹಾಗೆಯೇ ನಿಂತಿದ್ದಳು.

"ಅಕ್ಕಿ ನೋಡ್ಬುಟ್ಟು ಒಪ್ಕಂಡೆ ಅನ್ಕಂಡ್ಯಾ ಅಪ್ಪ?" ಎಂದಳು.

ಅವನು ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಅದು ಗಂಡೋ ಎಣ್ಣೋ, ಅದ್ನ ಕಟ್ಕಂಡು ನಂಗೇನು? ನೀನು ಆವತ್ತು ನನ್ ಮೊಕ ನೋಡ್ನಿಲ್ಲ, ಅಕ್ಕಿ ಮೊಕ ನೋಡ್ಕಂಡು ಮಾತಾಡ್ದೆ. ನಮ್ಮಪ್ಪಂಗೆ ನಾನು ಇಲ್ಲಿರೋದು ಬ್ಯಾಡ, ಅದ್ನ ಬಾಯ್ಬುಟ್ಟು ಏಳಾಕಾಗ್ದೆ ಅಕ್ಕಿ ತೋರಿಸ್ತಾವ್ನೆ ಅಂತ ಗೊತ್ತಾಯ್ತು. ಅದ್ಕೇ ಓಯ್ತೀನಿ ಅಂದೆ."

ಇಷ್ಟು ಹೇಳಿ ಅವಳು ಅದೇ ಕಲ್ಲಿನ ಮೇಲೆ ಕೂತುಬಿಟ್ಟಳು. ಪಟ್ಟಲಮ್ಮ ಹತ್ತಿರ ಬರಲು ಹೊರಟವಳು ಗಂಡನ ಮುಖ ನೋಡಿ ಅಲ್ಲೇ ನಿಂತಳು. ಶುಭಾ ದುರ್ಬೀನು ಎತ್ತಿಕೊಂಡು ಸದ್ದಿಲ್ಲದೆ ಏರಿಯ ಆ ತುದಿಗೆ ನಡೆದಳು. ಕೆಂಪಸಿದ್ದಯ್ಯ ಬ್ಯಾಗನ್ನು ಕೆಳಗಿಟ್ಟು ಮಗಳ ಎದುರಿಗೆ, ಕೆರೆಗೆ ಬೆನ್ನು ಮಾಡಿ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಅವಳ ಎಡಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡ.

"ಬೆಳ್ಳು ಏನಾಯ್ತವ್ವ?"

"ಬಾಗ್ಲಿಗೆ ಸಿಕ್ತು." ಅವ್ವನಿಗೂ ಅವಳು ಹಾಗೆಯೇ ಹೇಳಿದ್ದಳು, ಕೇಳಿದ ಎಲ್ಲರಿಗೂ ಹಾಗೆಯೇ ಹೇಳಿದ್ದಳು. ಕೇಳಿದವರೆಲ್ಲ ಅಷ್ಟಕ್ಕೇ ಸಾಕು ಮಾಡಿದ್ದರು.

ಕೆಂಪಸಿದ್ದಯ್ಯ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಬಾಗ್ಲ ಆಕಿದ್ದು ಯಾರು?"

ರಂಜಿತ ಈ ಸಲ ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ಹೇಳತೊಡಗಿದಳು, ಮೊದಲಿನಿಂದ. ಗುದ್ದಲಿಯವರು ಒಂದು ಸಲ ಕೆಮ್ಮಿ ನೋಡಿದರು, ಆಮೇಲೆ ಅವರೂ ಬದುವಿನ ಮೇಲೆ ಕೂತು ಬೀಡಿ ಹಚ್ಚಿದರು. ತಾವರೆಕಟ್ಟೆಯ ಕೆಳಗಿನ ಬಯಲಿಗೆ ಮೂವತ್ತು ವರ್ಷದಲ್ಲಿ ಮೊದಲ ಸಲ ಆ ದಿನ ನೀರು ಒಂದು ಗಂಟೆ ತಡವಾಗಿ ಹೋಯಿತು.